ಸಮಿತಿಯ ಕರಟ, ಸಾವ್ಕಾರರ ಕರಟ

ಕಾಳಮ್ಮನಕಟ್ಟೆಯ ನೀರು ಸಮಿತಿಯ ನಿಯಮಾವಳಿ ಶುರುವಾಗುತ್ತಿದ್ದುದೇ 'ಕಾಳಮ್ಮನಕಟ್ಟೆಯ ಜನರಾದ ನಾವು' ಎಂದು. ಬರೆದವರು ತೋಂಟದಾರ್ಯ ಮೇಷ್ಟ್ರು. ಕಿಬ್ಬನಹಳ್ಳಿ ಕೈಮರದಿಂದ ಮೂರು ಮೈಲಿ ಒಳಗಿರುವ, ಬಸ್ಸು ಕೂಡ ಮನಸ್ಸು ಬಂದರೆ ಮಾತ್ರ ಬರುವ ಆ ಊರಿಗೆ ಇಂಥ ಪೀಠಿಕೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಮೇಷ್ಟ್ರಿಗೆ ಖುಷಿಯೋ ಖುಷಿ, ವಿಶ್ವಸಂಸ್ಥೆಯ ಸನ್ನದಿನಿಂದ ಎನ್ನುತ್ತಿದ್ದರು. ಶಾಲೆಯಲ್ಲಿದ್ದಷ್ಟು ವರ್ಷವೂ ಅಕ್ಟೋಬರ್ ಇಪ್ಪತ್ನಾಲ್ಕಕ್ಕೆ ತಪ್ಪದೆ ವಿಶ್ವಸಂಸ್ಥೆಯ ದಿನ ಆಚರಿಸಿದವರು ಅವರು. ಮಕ್ಕಳಿಗೆ ಆವತ್ತು ಪೆಪ್ಪರಮೆಂಟು ಸಿಗುತ್ತಿದ್ದುದರಿಂದ ಊರಿನಲ್ಲಿ ವಿಶ್ವಸಂಸ್ಥೆಯ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇತ್ತು.

ಸಮಿತಿ ಹುಟ್ಟಿದ್ದು ಎಪ್ಪತ್ತೆರಡರಲ್ಲಿ. ಕೆರೆಯ ನೀರು ಯಾರ ತೋಟಕ್ಕೆ ಮೊದಲು ಎಂಬ ಜಗಳದಲ್ಲಿ ಗುದ್ದಲಿ ಕಾವಿನಿಂದ ಇಬ್ಬರ ತಲೆ ಒಡೆದಿತ್ತು. ಒಡೆದ ಎರಡು ತಲೆಗಳನ್ನೂ ತಮ್ಮ ಕೊಬ್ಬರಿ ವ್ಯಾನಿನಲ್ಲೇ ಹಾಕಿಕೊಂಡು ತಿಪಟೂರಿನ ಆಸ್ಪತ್ರೆಗೆ ಹೋದವರು ಹಾಲಸ್ವಾಮಪ್ಪನವರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ, ಊರಿನಲ್ಲಿ ಎಲ್ಲರಿಗಿಂತ ದೊಡ್ಡ ತೋಟ, ಎಲ್ಲರ ಬಾಯಲ್ಲೂ ಸಾವ್ಕಾರ್ರು. ಆಸ್ಪತ್ರೆಯಿಂದ ಬಂದವರೇ ಊರು ಸೇರಿಸಿ, 'ಇನ್ನು ಮೇಲೆ ಎಲ್ಲರಿಗೂ ಒಂದೇ ಕಾನೂನು, ಒಂದೇ ಅಳತೆ' ಎಂದರು. ಸಮಿತಿ ಕೂರಲು ತಮ್ಮ ಮನೆಯ ಜಗಲಿ ಕೊಟ್ಟರು, ಜಮಖಾನೆ ಕೊಟ್ಟರು, ಸಭೆ ಇದ್ದ ದಿನ ಒಳಗಿನಿಂದ ಕಾಫಿಯನ್ನೂ ಕಳಿಸಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಎಷ್ಟೋ ಸಲೀಸಾಗಿರುತ್ತಿತ್ತು.

ಅಳತೆಗೆ ಆರಿಸಿಕೊಂಡದ್ದು ಊರಿನ ಹಳೇ ಪದ್ಧತಿಯನ್ನೇ. ಅರ್ಧ ತೆಂಗಿನ ಕರಟಕ್ಕೆ ತಳದಲ್ಲಿ ಸಣ್ಣ ತೂತು ಕೊರೆದು ನೀರು ತುಂಬಿದ ಹಿತ್ತಾಳೆ ಬೋಗುಣಿಯಲ್ಲಿ ತೇಲಿಬಿಡುವುದು. ತೂತಿನಿಂದ ನೀರು ಒಸರಿ ಕರಟ ತುಂಬಿ ಮುಳುಗಿತೆಂದರೆ ಒಂದು ಗಳಿಗೆ, ಅಂದರೆ ಇಪ್ಪತ್ನಾಲ್ಕು ನಿಮಿಷ. ಒಬ್ಬರಿಗೆ ನಾಲ್ಕು ಕರಟ ನೀರು, ಒಬ್ಬರಿಗೆ ಆರು, ತೋಟ ಇದ್ದಷ್ಟು. ಸಾವ್ಕಾರರಿಗೆ ಹತ್ತು. ಎಂಟು ದಿನಕ್ಕೊಂದು ಸರದಿ, ಸೂರ್ಯ ಹುಟ್ಟಿದಾಗ ತೂಬು ತೆಗೆದರೆ ಮುಳುಗುವಾಗ ಮುಚ್ಚಬೇಕು. ಕೈಗಡಿಯಾರ ಇಟ್ಟುಕೊಳ್ಳೋಣ ಎಂದು ಯಾರೋ ಅಂದಾಗ ಸಾವ್ಕಾರರೇ ನಕ್ಕು, "ಗಡಿಯಾರಕ್ಕೆ ಕೀಲಿ ತಿರುಗಿಸ್ಬೌದು ಕಣ್ರಪ್ಪ, ಕರಟಕ್ಕೆ ಕೀಲಿ ಎಲ್ಲೈತೆ?" ಎಂದಿದ್ದರು. ಮೇಷ್ಟ್ರು ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು.

ಇನ್ನು ಏಳನೆಯ ಕಲಂ. ಸಮಿತಿಯ ಯಾವ ತೀರ್ಮಾನವೂ ಸ್ಥಾಪಕರಾದ ಹಾಲಸ್ವಾಮಪ್ಪನವರ ಸಹಿ ಬಿದ್ದ ಮೇಲೆಯೇ ಜಾರಿಗೆ ಬರತಕ್ಕದ್ದು. ಇದನ್ನು ಸಾವ್ಕಾರರು ಕೇಳಿರಲಿಲ್ಲ. ಮೇಷ್ಟ್ರೇ ಸ್ವಂತ ಬುದ್ಧಿ ಖರ್ಚು ಮಾಡಿ ಸೇರಿಸಿದ್ದು. ದೊಡ್ಡ ರಾಷ್ಟ್ರಗಳಿಗೆ ವೀಟೋ ಎಂಬ ಇಂಥದೊಂದು ಮರ್ಯಾದೆ ಕೊಟ್ಟಿದ್ದರಿಂದಲೇ ವಿಶ್ವಸಂಸ್ಥೆ ನಿಂತಿದೆ ಎಂದು ಎಲ್ಲೋ ಓದಿದ್ದರು. ದೊಡ್ಡವರು ಒಳಗೆ ಬರಬೇಕಾದರೆ ಬಾಗಿಲು ಸ್ವಲ್ಪ ಎತ್ತರ ಮಾಡಬೇಕು ಎಂಬುದು ಅವರ ಲೆಕ್ಕಾಚಾರ. ಹದಿನಾಲ್ಕು ವರ್ಷ ಮೇಷ್ಟ್ರು ತಂದ ಕಾಗದಕ್ಕೆಲ್ಲ ಸಾವ್ಕಾರರು ಕಣ್ಣು ಮುಚ್ಚಿ ಸಹಿ ಹಾಕಿದರು, ಮೇಷ್ಟ್ರು ಆ ಕಲಂ ಇರುವುದನ್ನೇ ಮರೆತರು.

ಆ ನಡುವೆ, ಎಂಬತ್ತಮೂರರಲ್ಲಿ, ಸಾವ್ಕಾರರ ಸರದಿಯ ದಿನವೇ ಸಮಿತಿಯ ಕರಟ ಸೀಳಿತು. ಅವರ ಮನೆಯಿಂದಲೇ ಬೇರೆ ಕರಟ ಬಂತು. ವಾರದಲ್ಲಿ ಸಮಿತಿ ಹೊಸದೊಂದು ಕೊರೆಸಿತಾದರೂ ಸಾವ್ಕಾರರು, "ನಮ್ಮ ಸರದಿಗೆ ನಮ್ದೇ ಇರ್ಲಿ ಬುಡಿ, ಕೈಗೆ ಒಗ್ಗೈತೆ" ಎಂದರು. ಅದರ ತೂತು ಒಂದು ಎಳೆ ಸಣ್ಣದು. ಸಣ್ಣ ತೂತಿನ ಕರಟ ನಿಧಾನಕ್ಕೆ ಮುಳುಗುತ್ತದೆ, ಅಷ್ಟು ಹೊತ್ತೂ ನೀರು ಸಾವ್ಕಾರರ ತೋಟಕ್ಕೆ ಹರಿಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಹೇಳಲಿಲ್ಲ.

ಹೇಳಿದವಳು ಓಬಮ್ಮ. ಕಾಲುವೆಯ ತುತ್ತತುದಿಯಲ್ಲಿ ಅವಳದೊಂದು ಎಕರೆ. ಗಂಡ ಬದುಕಿದ್ದಾಗ ಅಲ್ಲಿ ಹುರುಳಿ ಬಿಟ್ಟರೆ ಏನೂ ಬೆಳೆದಿರಲಿಲ್ಲ. ಅವನು ಹೋದ ಮೇಲೆ ಇವಳು ಹಂದನಕೆರೆಯ ತವರಿನಿಂದ ಗೋಟು ಕಾಯಿ ತಂದು, ಮೊಳಕೆ ಬರಿಸಿ, ನಲವತ್ತು ತೆಂಗಿನ ಸಸಿ ನೆಟ್ಟಿದ್ದಳು. ಎರಡು ವರ್ಷದ ಸಸಿಗಳು, ಅವಳ ಸೊಂಟದೆತ್ತರ. ಇನ್ನು ಆರೇಳು ವರ್ಷ ಕಾದರೆ ಕೂಲಿಗೆ ಹೋಗುವುದು ತಪ್ಪುತ್ತದೆ ಎಂಬುದೇ ಅವಳ ಬಾಳಿನ ಏಕೈಕ ಯೋಜನೆ. ಆದರೆ ಅವಳ ನಾಲ್ಕು ಕರಟದ ಸರದಿ ಬರುತ್ತಿದ್ದುದು ಸಾವ್ಕಾರರ ಹತ್ತು ಕರಟ ಮುಗಿದ ಮೇಲೆ, ದಿನದ ಕೊನೆಗೆ. ಅಲ್ಲಿ ತಡವಾದಷ್ಟೂ ಇಲ್ಲಿ ಹೊತ್ತು ಮುಳುಗುತ್ತಿತ್ತು. ನಾಲ್ಕರ ಜಾಗದಲ್ಲಿ ಒಂದು ಕರಟ ನೀರು ಸಿಕ್ಕರೆ ಹೆಚ್ಚು. ಎಂಬತ್ತಾರರ ಮುಂಗಾರು ಬರೀ ಮೋಡ ತೋರಿಸಿ ಹೋದಾಗ ಸಸಿಗಳ ತುದಿ ಕೆಂಪಾಗತೊಡಗಿತು.

ಜೂನ್ ನಡುವಿನಲ್ಲಿ ಸಮಿತಿ ಸೇರಿತು. ಸಾವ್ಕಾರರೂ ಸೇರಿ ಏಳು ಜನ ಸದಸ್ಯರು. ಕಾರ್ಯದರ್ಶಿ ಮೇಷ್ಟ್ರಿಗೆ ಪೆನ್ನು ಇತ್ತು, ಮತ ಇರಲಿಲ್ಲ. ಓಬಮ್ಮ ಜಗಲಿಯ ಕೆಳಗೆ ನಿಂತು ಒಂದೇ ಮಾತು ಹೇಳಿದಳು. "ಎರಡೂ ಕರಟ ಒಟ್ಟಿಗೆ ಬುಡಿ. ಯಾವ್ದು ಯಾವಾಗ ಮುಳುಗ್ತದೋ ನೋಡಾನ."

ನೀರುಗಂಟಿ ಗಿಡ್ಡಯ್ಯ ಬೋಗುಣಿ ತಂದು ಎರಡನ್ನೂ ತೇಲಿಬಿಟ್ಟ. ತೂಬು ತೆಗೆಯುವುದು, ಕರಟ ಎಣಿಸುವುದು ಅವನ ಅಪ್ಪನ ಕಾಲದಿಂದ ಬಂದ ಕೆಲಸ. ಎಲ್ಲರೂ ಸುತ್ತ ಬಗ್ಗಿ ಕೂತರು. ಕಾಫಿ ಬಂತು. ಕಾಫಿ ಮುಗಿಯುವ ಹೊತ್ತಿಗೆ ಸಮಿತಿಯ ಕರಟ ಗುಳುಕ್ ಎಂದು ಮುಳುಗಿತು. ಸಾವ್ಕಾರರ ಕರಟ ತೇಲುತ್ತಲೇ ಇತ್ತು. ಎಲೆ ಅಡಿಕೆ ಹಾಕಿಕೊಂಡರು. ತೇಲುತ್ತಿತ್ತು. ಎಲೆ ಉಗಿದು ಬಂದರು. ಆಗಲೂ ಅದು ಅಂಚಿನವರೆಗೆ ನೀರು ತುಂಬಿಕೊಂಡು, ಮುಳುಗುವ ಅವಸರವೇನೂ ಇಲ್ಲದೆ ಕೂತಿತ್ತು. "ನೋಡಿ, ಎಷ್ಟು ನಿಧಾನಸ್ಥ ಕರಟ," ಎಂದು ಸಾವ್ಕಾರರು ಮೆಚ್ಚಿಕೊಂಡರು. ಒಟ್ಟು ಮೂವತ್ತಾರು ನಿಮಿಷ ಹಿಡಿಯಿತು.

ನಾಲ್ವರು ಓಬಮ್ಮನ ಪರ ಕೈ ಎತ್ತಿದರು. ಇಬ್ಬರು ಜಗಲಿಯ ಜಂತೆ ಎಣಿಸುತ್ತ ಕೂತರು. ಎಲ್ಲರಿಗೂ ಸಮಿತಿಯ ಕರಟವೇ ಅಳತೆ ಎಂದು ಮೇಷ್ಟ್ರು ಬರೆದುಕೊಂಡಾಗ ಅವರ ಕೈ ಹಗುರವಾಗಿತ್ತು. ಸಾವ್ಕಾರರ ಮುಖದಲ್ಲಿ ಸಿಟ್ಟಿರಲಿಲ್ಲ. "ತೀರ್ಪು ಬಲು ಚೆನ್ನಾಗೈತೆ. ಆದ್ರೆ ನನ್ನ ಸರದಿ ವಿಚಾರ ಈ ಸಮಿತಿ ವ್ಯಾಪ್ತಿಗೆ ಬರಾಕಿಲ್ಲ ಕಣ್ರೀ. ನೀವು ಮುಂದುವರ್ಸಿ," ಎಂದು ಎದ್ದು ಸಭಾತ್ಯಾಗ ಮಾಡಿದರು. ಸಭೆ ಅವರ ಜಗಲಿಯಲ್ಲೇ ಇದ್ದುದರಿಂದ ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎರಡನೇ ಸಲದ ಕಾಫಿ ಬಂತು, ಸದಸ್ಯರು ಕುಡಿದರು.

ಆಗ ಏಳನೆಯ ಕಲಂ ನೆನಪಾಯಿತು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ತೀರ್ಪಿನ ಹಾಳೆ ಹಿಡಿದು ಹೋದರು. ಸಾವ್ಕಾರರು ಕೂರಿಸಿ ಉಪ್ಪಿಟ್ಟು ಕೊಡಿಸಿದರು. ಸಹಿ ಮಾತ್ರ ಹಾಕಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದರು, ಅಕ್ಕಿರೊಟ್ಟಿ ಸಿಕ್ಕಿತು. ಆ ಕಲಮ್ಮನ್ನೇ ಕಿತ್ತುಹಾಕೋಣ ಎಂದು ಪುಸ್ತಕ ತಿರುವಿ ನೋಡಿದರೆ, ಕಲಂ ತೆಗೆಯುವುದೂ ಒಂದು ತೀರ್ಮಾನವೇ, ಅದಕ್ಕೂ ಅದೇ ಸಹಿ ಬೇಕು. ತಾವೇ ಹೆಣೆದ ಬಲೆಯ ಗಟ್ಟಿತನಕ್ಕೆ ಮೇಷ್ಟ್ರು ತಾವೇ ತಲೆದೂಗಬೇಕಾಯಿತು.

ಜೂನ್ ಕೊನೆಯ ಹೊತ್ತಿಗೆ ಆಕಾಶವಾಣಿ ಅವರಿಗೊಂದು ಆಸರೆ ಕೊಟ್ಟಿತು. ನಿಕರಾಗುವಾ ಎಂಬ ಪುಟ್ಟ ದೇಶದ ಬಂದರುಗಳಲ್ಲಿ ಅಮೆರಿಕ ಸಿಡಿಗುಂಡು ಇರಿಸಿದ್ದು, ಅಲ್ಲಿನ ಬಂಡುಕೋರರಿಗೆ ಬೆಂಬಲ ಕೊಟ್ಟದ್ದು ತಪ್ಪು ಎಂದು ಹೇಗ್ ಪಟ್ಟಣದ ವಿಶ್ವ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಮೇಷ್ಟ್ರು ಪತ್ರಿಕೆಯ ತುಂಡು ಕತ್ತರಿಸಿಕೊಂಡು ಸಾವ್ಕಾರರ ಮನೆಗೆ ಓಡುತ್ತಲೇ ಹೋದರು. "ನೋಡಿ ಯಜಮಾನ್ರೇ, ಅಮೆರಿಕದಂಥ ಅಮೆರಿಕಕ್ಕೇ ಕೋರ್ಟು ಹಿಂಗೆ ಹೇಳೈತೆ."

ಸಾವ್ಕಾರರು ಅಟ್ಟದಿಂದ ಇಳಿಸಿದ ಕೊಬ್ಬರಿಯನ್ನು ಉಗುರಿನಲ್ಲಿ ಗೀರಿ ನೋಡುತ್ತಿದ್ದರು. "ನಿಕರಾಗುವಾದಲ್ಲಿ ತೆಂಗು ಬೆಳೀತಾರಾ ಮೇಷ್ಟ್ರೇ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ.

"ಆ ಕೋರ್ಟು ಕಟ್ಟಿದೋರು ಯಾರು?"

"ಎಲ್ಲಾ ದೇಶದೋರೂ ಸೇರಿ. ಅಮೆರಿಕದೋರೂ ಮುಂದೆ ನಿಂತಿದ್ರು."

"ಈಗ ಏನಂತಾರೆ ಅವರು?"

ಮೇಷ್ಟ್ರು ಹೇಳಿದರು. "ಈ ವಿಚಾರ ಕೋರ್ಟಿನ ವ್ಯಾಪ್ತಿಗೆ ಬರಲ್ಲ ಅಂತ ಹೋದ ವರ್ಷವೇ ಎದ್ದು ಹೋದ್ರಂತೆ."

ಸಾವ್ಕಾರರು ಕೊಬ್ಬರಿಯನ್ನು ಕೆಳಗಿಟ್ಟು ಪತ್ರಿಕೆಯ ತುಂಡನ್ನು ಮೊದಲ ಸಲ ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ತಿಳಿದ ಜನ," ಎಂದರು. ಅವರ ದನಿಯಲ್ಲಿದ್ದುದು ನಿಜವಾದ ಗೌರವ.

ಜುಲೈ ಪೂರ್ತಿ ಹೀಗೇ ಕಳೆಯಿತು. ಮೇಷ್ಟ್ರ ಹೆಂಡತಿ ದ್ರಾಕ್ಷಾಯಣಮ್ಮ ಬೆಳಿಗ್ಗೆ ತಿಂಡಿ ಮಾಡುವುದನ್ನೇ ಬಿಟ್ಟರು. "ಹೆಂಗೂ ಅಲ್ಲೇ ತಿಂತೀರಲ್ಲ. ಆವಯ್ಯ ಹೇಳೋದು ವೇದಾಂತ, ನಿಮಗೆ ಇಕ್ಕೋದು ಉಪ್ಪಿಟ್ಟು," ಎನ್ನುತ್ತಿದ್ದರು. ಆಗಸ್ಟ್ ಒಂದನೇ ತಾರೀಕು ರೇಡಿಯೋ ಹೇಳಿತು: ತೀರ್ಪನ್ನು ಪಾಲಿಸಿ ಎಂಬ ಮಾತು ಭದ್ರತಾ ಮಂಡಳಿಯಲ್ಲಿ ಮತಕ್ಕೆ ಬಂದಾಗ ಹನ್ನೊಂದು ದೇಶ ಹೌದೆಂದವು, ಮೂರು ದೇಶ ಸುಮ್ಮನಿದ್ದವು, ಅಮೆರಿಕ ಒಂದೇ ಬೇಡವೆಂದಿತು, ಅಲ್ಲಿಗೆ ಮುಗಿಯಿತು. ಮೂರು ದೇಶಗಳೂ ಜಂತೆ ಎಣಿಸುತ್ತ ಕೂತಿರುವುದು ಮೇಷ್ಟ್ರ ಕಣ್ಣಿಗೆ ಕಟ್ಟಿತು. ರೇಡಿಯೋ ಆರಿಸಿ ಕಾಲುವೆಯ ಕಡೆ ನಡೆದರು.

ಓಬಮ್ಮ ಸಸಿಯ ಬುಡಕ್ಕೆ ಒಣ ಸೋಗೆ ಹೊದಿಸುತ್ತಿದ್ದಳು. ಗರಿಯ ಕೆಂಪು ಅರ್ಧಕ್ಕೆ ಇಳಿದಿತ್ತು. "ತೀರ್ಪು ನಿನ್ನ ಕಡೆಗೇ ಆಗಿದೆ ಓಬಮ್ಮ, ಒಂದು ಸಹಿ ಬಾಕಿ," ಎಂದು ಮೇಷ್ಟ್ರು ಏಳನೇ ವಾರವೂ ಅದನ್ನೇ ಹೇಳಿದರು.

"ಅದು ಕಾಲುವೇಲಿ ಹರೀತದಾ ಮೇಷ್ಟ್ರೇ?" ಎಂದಳು ಓಬಮ್ಮ. ಕೊಂಕಿನಿಂದಲ್ಲ, ತಿಳಿದುಕೊಳ್ಳಲಿಕ್ಕೇ ಕೇಳಿದಳು. ಮೇಷ್ಟ್ರಿಗೆ ನಾಚಿಕೆಯಾಯಿತು. ಆ ಕಲಂ ಬರೆದ ಕೈ ತನ್ನದು ಎಂದು ಅವಳಿಗೆ ಹೇಳಿಬಿಡಬೇಕು ಅನ್ನಿಸಿತು, ಹೇಳಲಿಲ್ಲ.

ಮುಂದಿನ ಸರದಿಯ ದಿನ ಗಿಡ್ಡಯ್ಯ ಸಾವ್ಕಾರರ ಕರಟದ ಪಕ್ಕದಲ್ಲೇ ಸಮಿತಿಯ ಕರಟವನ್ನೂ ಸುಮ್ಮನೆ ತೇಲಿಬಿಟ್ಟ. ಸಮಿತಿಯದು ಹತ್ತು ಸಲ ಮುಳುಗಿದಾಗ ಬೀಡಿ ಹಚ್ಚುತ್ತ, ಗಾಳಿಗೆ ಹೇಳುವಂತೆ, "ಹತ್ತಾತು" ಎಂದ. ಓಬಮ್ಮ ಅಷ್ಟಕ್ಕೇ ಕಾದಿದ್ದಳು. ಗುದ್ದಲಿ ತೆಗೆದುಕೊಂಡು ಹಾಡಹಗಲೇ ಸಾವ್ಕಾರರ ತೋಟದ ಬಾಯಿಗೆ ಮಣ್ಣು ಕಟ್ಟಿ, ನೀರನ್ನು ತನ್ನ ಕಡೆ ತಿರುಗಿಸಿಕೊಂಡಳು. ನಾಲ್ಕು ಕರಟ ಹರಿಸಿದಳು. ಐದನೆಯದಕ್ಕೆ ಆಸೆ ಪಡದೆ ತಾನೇ ಮಣ್ಣು ಕಿತ್ತು ಬಿಟ್ಟಳು. ಎಷ್ಟೋ ತಿಂಗಳಾದ ಮೇಲೆ ನಲವತ್ತು ಸಸಿಯ ಬುಡವೂ ಆವತ್ತು ಒದ್ದೆಯಾಯಿತು.

ಸಂಜೆಗೇ ಸಾವ್ಕಾರರು ಸಮಿತಿ ಕರೆದರು. ಸಭಾತ್ಯಾಗ ಮಾಡಿದವರು ಕರೆಯಬಹುದೇ ಎಂದು ಯಾರೂ ಕೇಳಲಿಲ್ಲ, ಜಗಲಿ ಅವರದು. "ನನ್ನ ಸರದಿ ನಡೀತಿರುವಾಗ ನೀರು ಕದ್ದವಳೆ. ಐದನೇ ಕಲಂ ಏನು ಹೇಳ್ತದೆ ಮೇಷ್ಟ್ರೇ?"

ಬೇರೆಯವರ ಸರದಿಯಲ್ಲಿ ನೀರು ತಿರುಗಿಸಿಕೊಂಡವರು ತಿರುಗಿಸಿದ್ದರ ಎರಡರಷ್ಟನ್ನು ಕಳೆದುಕೊಳ್ಳತಕ್ಕದ್ದು. ಮೇಷ್ಟ್ರು ಓದಿದರು. ಓದಿ, "ಸಮಿತಿ ತೀರ್ಪಿನ ಪ್ರಕಾರ ನಿಮ್ಮ ಸರದಿ ಆಗಲೇ ಮುಗಿದಿತ್ತು ಯಜಮಾನ್ರೇ," ಎಂದರು.

"ಆ ತೀರ್ಪು ಜಾರೀಲಿ ಐತಾ?"

ಇರಲಿಲ್ಲ.

"ಎಷ್ಟು ನೀರು ಹೋಯ್ತು ಗಿಡ್ಡಯ್ಯ?"

ಗಿಡ್ಡಯ್ಯ ತಲೆ ಕೆರೆದುಕೊಂಡ. "ನಿಮ್ಮ ಕರಟದಾಗೆ ಎರಡೂವರೆ ಚಿಲ್ರೆ ಸಾವ್ಕಾರ್ರೇ. ಸಮಿತಿ ಕರಟದಾಗೆ ನಾಕು."

"ನಾಕು ಅಂತ ಬರ್ಕೊಳ್ಳಿ," ಎಂದರು ಸಾವ್ಕಾರರು. "ಸಮಿತಿಗೆ ಅಂತ ಒಂದು ಅಳತೆ ಇರುವಾಗ ನನ್ನದ್ಯಾಕೆ? ಕಾನೂನು ಅಂದ್ರೆ ಕಾನೂನು."

ಮೇಷ್ಟ್ರು ಅವರ ಮುಖವನ್ನೇ ನೋಡಿದರು. ಎಲ್ಲಾದರೂ ಒಂದು ನಗೆ, ಒಂದು ಕಳ್ಳತನ ಕಾಣಬಹುದೇ ಎಂದು ಹುಡುಕಿದರು. ಏನೂ ಕಾಣಲಿಲ್ಲ. ಆ ಮನುಷ್ಯ ತಾನು ಆಡಿದ್ದನ್ನು ಪೂರ್ತಿ ನಂಬಿದ್ದರು. ಮೇಷ್ಟ್ರಿಗೆ ಭಯವಾಗಿದ್ದು ಅದಕ್ಕೇ.

ಈ ಸಲ ಆರೂ ಕೈ ಮೇಲೆದ್ದವು, ನಿಯಮ ಇದ್ದದ್ದು ಹಾಗೇ. ನಾಲ್ಕರ ಎರಡರಷ್ಟು ಎಂಟು. ಓಬಮ್ಮನಿಗೆ ಮುಂದಿನ ಎರಡು ಸರದಿ ನೀರಿಲ್ಲ. ಹದಿನಾರು ದಿನ. ಸಾವ್ಕಾರರು ಮೇಷ್ಟ್ರ ಪೆನ್ನನ್ನೇ ಇಸಕೊಂಡು, ಶಾಯಿ ಆರುವ ಮುಂಚೆ ದುಂಡಗೆ ಸಹಿ ಹಾಕಿದರು. ಏಳು ವಾರದಲ್ಲಿ ಜಾರಿಗೆ ಬಂದ ಮೊದಲ ತೀರ್ಪು ಅದು. ಜಗಲಿಯ ಕೆಳಗಿದ್ದ ಓಬಮ್ಮ ಸೆರಗು ಕೊಡವಿಕೊಂಡು ಹೊರಟಳು.

ಮೇಷ್ಟ್ರು ಆ ದಿನ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಮನೆಯಲ್ಲಿದ್ದ ಎರಡು ಮಣ್ಣಿನ ಕೊಡ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಕಟ್ಟೆಯ ಬಾವಿಗೆ ಹೋದರು. ಅರವತ್ತೆರಡು ವರ್ಷದ ನಿವೃತ್ತ ಹೆಡ್‌ಮೇಷ್ಟ್ರು ಹೆಗಲ ಮೇಲೊಂದು ಕೈಯಲ್ಲೊಂದು ಕೊಡ ಹೊತ್ತು ಎರಡು ಫರ್ಲಾಂಗು ನಡೆಯುವುದನ್ನು ಊರು ಬಾಗಿಲಿಗೆ ಬಂದು ನೋಡಿತು. ಮೊದಲ ಸಸಿಯ ಬುಡಕ್ಕೆ ನೀರು ಹೊಯ್ಯುವಾಗ ಓಬಮ್ಮ ಹಿಂದೆ ಬಂದು ನಿಂತಿದ್ದಳು.

"ಇದು ಯಾವ ಕಲಂ ಪ್ರಕಾರ ಮೇಷ್ಟ್ರೇ?"

"ಏಳನೇದು ನಾನೇ ಬರೆದದ್ದು ಕಣಮ್ಮ," ಎಂದರು ಮೇಷ್ಟ್ರು. "ಸಾವ್ಕಾರ್ರು ಕೇಳಿರ್ಲಿಲ್ಲ. ನಾನೇ ಬರೆದೆ."

"ಹಂಗಾದ್ರೆ ಹೊರಿ," ಎಂದು ಓಬಮ್ಮ ತಾನೂ ಒಂದು ಕೊಡ ಎತ್ತಿಕೊಂಡಳು.

ಬೈದಿದ್ದರೆ ಮೇಷ್ಟ್ರಿಗೆ ಇಷ್ಟು ಸಮಾಧಾನ ಆಗುತ್ತಿರಲಿಲ್ಲ.

ಆರನೇ ದಿನ ಅವರು ಕಾಲುವೆಯ ಬದುವಿನಲ್ಲಿ ಎಡವಿ ಎರಡು ಕೊಡವನ್ನೂ ಒಡೆದುಕೊಂಡರು. ಮೊಣಕಾಲು ತರಚಿತು. ಸುದ್ದಿ ಸಾವ್ಕಾರರಿಗೆ ಮುಟ್ಟಿತು. ಅವರು ನೊಂದುಕೊಂಡರಂತೆ. 'ಬಡವರ ಕಷ್ಟಕ್ಕೆ ನಮ್ಮ ಸಮಿತಿ ಹೆಂಗೆ ನಿಂತದೆ ನೋಡಿ' ಎಂದು ಮಂಡಿಗೆ ಬಂದವರಿಗೆಲ್ಲ ಹೇಳಿದರಂತೆ. ಅದಾದ ಮೂರನೇ ದಿನಕ್ಕೆ ತಿಪಟೂರಿನಿಂದ ವ್ಯಾನಿನಲ್ಲಿ ಎರಡು ಹೊಸ ಹಿತ್ತಾಳೆ ಕೊಡ ಬಂದವು, ಥಳಥಳ ಹೊಳೆಯುವಂಥವು. ಮದುವೆಯ ಪಾತ್ರೆಗೆ ಕೆತ್ತಿಸುವ ಹಾಗೆ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿದ್ದರು. ಕಾಳಮ್ಮನಕಟ್ಟೆ ನೀರು ಸಮಿತಿಗೆ ಹಾಲಸ್ವಾಮಪ್ಪನವರ ಸೇವೆ.

ಬಾವಿಯ ಕಟ್ಟೆಯ ಮೇಲೆ ಇಟ್ಟುಹೋಗಿದ್ದ ಕೊಡಗಳನ್ನು ಮೇಷ್ಟ್ರು ನೋಡಿದರು. ಏಳು ವಾರ ಉಪ್ಪಿಟ್ಟು ತಿಂದು ಕಾದರೂ ಒಂದು ಹಾಳೆಯ ಮೇಲೆ ಬೀಳದ ಹೆಸರು, ಯಾರೂ ಕೇಳದೆ ಎರಡು ಕೊಡಗಳ ಮೇಲೆ ಬಿದ್ದಿತ್ತು. "ಇವನ್ನ ಈಗ್ಲೇ ಅವರ ಜಗಲಿ ಮೇಲೆ ಬಿಸಾಕಿ ಬರ್ತೀನಿ," ಎಂದು ಎತ್ತಿಕೊಂಡರು.

"ಇಡಿ ಅತ್ಲಾಗೆ," ಎಂದಳು ಓಬಮ್ಮ. "ಹಿತ್ತಾಳೆ ಏನು ತೆಪ್ಪು ಮಾಡೈತೆ? ಇನ್ನೂ ಹದಿನಾರು ಸಸಿ ಅವೆ, ಬಿಸ್ಲು ಏರ್ತದೆ."

ಮೇಷ್ಟ್ರು ಕೊಡಕ್ಕೆ ಹಗ್ಗ ಬಿಗಿದು ಬಾವಿಗೆ ಬಿಟ್ಟರು. ಹೊಸ ಕೊಡ ನೀರಿನ ಮೇಲೆ ವಾಲಿಕೊಂಡು ತೇಲಿತು. ಕಂಠದ ಅಕ್ಷರಗಳು ಬಿಸಿಲಿಗೆ ಮೇಲಿನವರೆಗೂ ಕಾಣುತ್ತಿದ್ದವು. ಅವರು ಹಾಗೇ ನೋಡುತ್ತ ನಿಂತುಬಿಟ್ಟರು.

ಓಬಮ್ಮ ಅವರ ಕೈಯಿಂದ ಹಗ್ಗ ತೆಗೆದುಕೊಂಡು ಒಂದು ಸಲ ಜೋರಾಗಿ ಜಗ್ಗಿದಳು.

"ಹೆಸ್ರು ಮುಳುಗೋಗಂಟ ಅದ್ದಬೇಕು ಮೇಷ್ಟ್ರೇ," ಎಂದಳು. "ಇಲ್ದಿದ್ರೆ ಕೊಡ ತುಂಬಾಕಿಲ್ಲ."